ಹೋಳಿಗೆ ತೀರ್ಪಿನಿಂದ ಯಾರಿಗೆ ವಿನಾಯಿತಿ?

ನ್ಯಾಯ ಬೇಕು ಅನ್ನೋರು ಎಲ್ಲೆಲ್ಲೂ ಸಿಗ್ತಾರೆ. ನ್ಯಾಯ ಹೇಳೋಕೆ ಬನ್ನಿ ಅಂದ ಕೂಡಲೇ ಅವರಿಗೆಲ್ಲ ತಮ್ಮ ತಮ್ಮ ಉದ್ಯೋಗ ನೆನಪಾಗುತ್ತೆ. ಮಸ್ಕತ್ತಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿಯಾಗಿ ನಾನು ಇದನ್ನ ಕಂಡಷ್ಟು ಬೇರೆ ಯಾರೂ ಕಂಡಿರಲಿಕ್ಕಿಲ್ಲ. ಅದರಲ್ಲೂ ಕಚ್ಚಾ ಎಣ್ಣೆ ಬೆಲೆ ನೆಲ ಕಚ್ಚಿದ ವರ್ಷದ ಹೋಳಿಗೆ ಸ್ಪರ್ಧೆ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ಮೊದಲೆಲ್ಲ ತೀರ್ಪುಗಾರರನ್ನ ಊರಿಂದ ವಿಮಾನದಲ್ಲಿ ಕರೆಸ್ತಿದ್ವಿ. ಆ ವರ್ಷ ಪ್ರಾಯೋಜಕರು ಟಿಕೆಟ್ಟಿನ ಬದಲು ಶುಭಾಶಯ ಕಳಿಸಿದರು. ಸರಿ, ನಮ್ಮಲ್ಲೇ ಮೂವರು ಕೂರಲಿ, ಚೀಟಿ ಎತ್ತೋಣ, ಹೆಸರು ಬಂದವರು ತಪ್ಪಿಸಿಕೊಳ್ಳೋ ಹಾಗಿಲ್ಲ ಅಂತ ನಿರ್ಣಯವಾಯಿತು. ತಟ್ಟೆ ಮೇಲೆ ಬರೀ ನಂಬರ್ ಇರೋದರಿಂದ ಸ್ಪರ್ಧಿಗಳ ಮನೆಯವರು ಕೂತರೂ ಅಡ್ಡಿಯಿಲ್ಲ ಅಂದರು. ಕೊನೆಗೆ ಅಧ್ಯಕ್ಷರು ಮೆಲ್ಲಗೆ ಒಂದು ಮಾತು ಸೇರಿಸಿದರು: "ಕುರ್ಚಿ ಖಾಲಿ ಉಳಿದರೆ ಕಾರ್ಯದರ್ಶಿಗಳು ಕೂರಬೇಕು."

ಬಾಗಲಕೋಟೆಯಿಂದ ಮಗನ ಮನೆಗೆ ಬಂದಿದ್ದ ನಮ್ಮತ್ತೆ ಆಗಲೇ ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಅವರು ಗೆದ್ದರೆ ಬಳಗದವರೆಲ್ಲ ನನ್ನ ಬೈತಾರೆ, ಸೋತರೆ ಅವರೊಬ್ಬರೇ ಬೈತಾರೆ. ಬಳಗದವರಾದರೆ ರಾತ್ರಿ ತಮ್ಮ ತಮ್ಮ ಮನೆಗೆ ಹೋಗ್ತಾರೆ. ಅತ್ತೆ ಇರೋದು ನಮ್ಮ ಮನೇಲೇ.

ಹಲ್ಲಿನ ಡಾಕ್ಟರು

ಮೊದಲ ಚೀಟಿ ಹಲ್ಲಿನ ಡಾಕ್ಟರದು. ಫೋನ್ ಮಾಡಿದೆ.

"ಡಾಕ್ಟರುಗಳಿಗೆ ಇದರಿಂದ ವಿನಾಯಿತಿ ಇರಬೇಕಲ್ಲ?" ಅಂದರು. "ದಿನಾ ಎಲ್ಲರಿಗೂ ಸಿಹಿ ಬಿಡಿ ಅಂತೀನಿ. ನಾನೇ ವೇದಿಕೆ ಮೇಲೆ ಕೂತು ಹೋಳಿಗೆ ತಿಂದು ಹೊಗಳಿದರೆ ಜನ ಏನಂತಾರೆ?"

"ಡಾಕ್ಟ್ರೇ, ನೀವು ಹೊಗಳಿದರೆ ಜನ ಇನ್ನಷ್ಟು ತಿಂತಾರೆ. ತಿಂದವರು ಎಲ್ಲಿಗೆ ಬರ್ತಾರೆ?"

ಆ ವರ್ಷ ಅವರ ಕ್ಲಿನಿಕ್ಕೂ ಭಣಗುಡುತ್ತಿತ್ತು ಪಾಪ.

"ಬರ್ತೀನಿ," ಅಂದರು. "ಬೆಲ್ಲ ಸ್ವಲ್ಪ ಜಾಸ್ತಿ ಹಾಕೋಕೆ ಹೇಳಿ."

ಕೆಳಗಿನ ಮನೆ ಸಾಹೇಬರು

ಎರಡನೇ ಚೀಟಿ, ಅಲ್ ಹೈಲಿನ ನಮ್ಮ ಕಟ್ಟಡದಲ್ಲೇ ಕೆಳಗಿನ ಮನೇಲಿದ್ದ ಮಂಗಳೂರಿನ ಕೊಂಕಣಿ ಸಾಹೇಬರದು. ದೊಡ್ಡ ಕಂಪನಿಯೊಂದರ ಎಚ್.ಆರ್. ಮ್ಯಾನೇಜರು. ಅವರ ಹೆಂಡತಿ ನಮ್ಮತ್ತೆ ಹತ್ತಿರ ಹೋಳಿಗೆ ಕಲಿಯೋಕೆ ದಿನಾ ಮೇಲೆ ಬರ್ತಿದ್ದರು, ಹಾಗಾಗಿ ಸಲುಗೆ ಇತ್ತು.

"ಎಂತ ಮಾರಾಯ್ರೆ," ಅಂದರು ಸಾಹೇಬರು. "ಈ ವರ್ಷ ಇಡೀ ನಂಗೆ ಇದೇ ಕೆಲಸ. ಯಾರನ್ನ ಇಡುದು, ಯಾರನ್ನ ಊರಿಗೆ ಕಳಿಸುದು. ಶುಕ್ರವಾರದ ರಜೆಯಲ್ಲಿ ಹೋಳಿಗೆಯನ್ನಾದ್ರೂ ನೆಮ್ಮದಿಯಲ್ಲಿ ತಿನ್ಲಿಕ್ಕೆ ಬಿಡಿ."

ಅವರು ಹೇಳಿದ್ದು ಸರಿಯೇ. ಆದರೂ ನಿಯಮ ನಿಯಮವೇ ಅಂತ ಅಧ್ಯಕ್ಷರ ಹತ್ತಿರ ಓಡಿದೆ. ಹೆಸರು ಕೇಳಿದ್ದೇ ತಡ, ಅವರು ಎದ್ದು ನಿಂತರು.

"ಅವರನ್ನ ಬಿಟ್ಟುಬಿಡಿ. ಅದು ಬಹಳ ಗೌರವದ ಉದ್ಯೋಗ."

"ಡಾಕ್ಟರಿಗೇ ಇಲ್ಲದ ವಿನಾಯಿತಿ ಇವರಿಗೆ ಯಾಕೆ ಸರ್?"

ಅಧ್ಯಕ್ಷರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಾನು ಕೆಲಸ ಮಾಡೋದು ಅವರ ಕಂಪನಿಯಲ್ಲೇ."

ಟೀಚರು

ಮತ್ತೊಂದು ಚೀಟಿ ಎತ್ತಿದೆವು. ಈ ಸಲ ಶಾಲೆಯ ಟೀಚರು. ಅವರಂತೂ ನನ್ನ ಮಾತು ಮುಗಿಯೋಕೂ ಬಿಡಲಿಲ್ಲ.

"ಟೀಚರುಗಳನ್ನ ಮಾತ್ರ ಕರೀಬೇಡಿ. ಮಕ್ಕಳಿಗೆ ಮಾರ್ಕ್ಸ್ ಹಾಕಿ, ಆಮೇಲೆ ತಾಯಂದಿರ ಹತ್ತಿರ ಬೈಸಿಕೊಂಡು ಸಾಕಾಗಿದೆ. ಅರ್ಧ ಮಾರ್ಕ್ಸಿಗೆ ಮನೆಗೇ ಬರ್ತಾರೆ."

"ಆದರೆ ಟೀಚರೇ, ಈ ಸಲ ಮಾರ್ಕ್ಸ್ ಹಾಕಬೇಕಾಗಿರೋದು ಆ ತಾಯಂದಿರಿಗೇ."

"ಎಷ್ಟು ಗಂಟೆಗೆ ಬರಲಿ?" ಅಂದರು.

ಮೆಸ್ಸಿನ ಭಟ್ಟರು

ಎರಡು ಕುರ್ಚಿ ಭರ್ತಿ. ಮೂರನೇ ಕುರ್ಚಿಗೆ ಚೀಟಿ ಬಿಚ್ಚಿದಾಗ ನಾನು ಕುಣಿದಾಡೋದೊಂದು ಬಾಕಿ. ಅಲ್ ಅಮೇರಾತ್‌ನಲ್ಲಿ ಮೆಸ್ ನಡೆಸೋ ಉಡುಪಿ ಕಡೆಯ ಭಟ್ಟರ ಹೆಸರು. ಹೋಳಿಗೆ ಬಗ್ಗೆ ಹೇಳೋಕೆ ಅವರಿಗಿಂತ ಬೇರೆ ಯಾರು ಬೇಕು? ನಾನು ಉಳಕೊಂಡೆ ಅಂದುಕೊಂಡೆ.

"ಅಮ್ಮ, ನಾನು ಬರುದು ಸರಿಯಲ್ಲ," ಅಂದರು ಭಟ್ಟರು.

"ಅಡುಗೆಯವರಿಗೆ ವಿನಾಯಿತಿ ಇಲ್ಲ ಭಟ್ಟರೇ."

"ಹಾಗಲ್ಲ. ಸ್ಪರ್ಧೆಗೆ ಬರುವ ತಟ್ಟೆಗಳಲ್ಲಿ ಮೂರು ನಮ್ಮ ಮೆಸ್ಸಿನದ್ದೇ. ಆರ್ಡರ್ ಬಂದಾಗಿದೆ. ನನ್ನ ಹೋಳಿಗೆಗೆ ನಾನೇ ಮಾರ್ಕ್ಸ್ ಹಾಕುದುಂಟಾ?"

ಯಾರು ಆರ್ಡರ್ ಕೊಟ್ಟವರು ಅಂತ ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ಮತ್ತೆ ಚೀಟಿ ಎತ್ತೋಣ ಅಂದರೆ ಅಧ್ಯಕ್ಷರು ಒಪ್ಪಲಿಲ್ಲ; ಖಲಾಸ್, ಮೂರನೇ ಕುರ್ಚಿ ನನ್ನದೇ ಆಯ್ತು.

ಮನೆಗೆ ಬಂದು ಅತ್ತೆಗೆ ಹೇಳಿದೆ: "ಮೂರು ಮಂದಿ ಮೆಸ್ಸಿಂದ ಹೋಳಿಗಿ ತರಿಸಿ ತಮ್ಮದು ಅಂತ ಇಡ್ತಾರಂತ ನೋಡ್ರಿ. ಆ ಮೂರಕ್ಕೂ ನಾನು ಸೊನ್ನಿ ಹಾಕಾಕಿ."

ಅತ್ತೆ ಟಿವಿ ಸೌಂಡ್ ಜೋರು ಮಾಡಿದರು. ಹೊರಗಿನ ತಿಂಡಿ ಮುಟ್ಟದ ಮಡಿ ಹೆಂಗಸು, ಇಂಥ ಮಾತು ಕೇಳೋಕೂ ಅಸಹ್ಯ ಅನ್ನಿಸಿರಬೇಕು ಅಂತ ನಾನು ಸುಮ್ಮನಾದೆ.

ಕೊನೆಗೆ ನಾನು

ಶುಕ್ರವಾರ ಬೆಳಗ್ಗೆ ಅತ್ತೆ ನನ್ನನ್ನ ಅಡುಗೆಮನೆ ಹತ್ತಿರ ಸುಳಿಯಗೊಡಲಿಲ್ಲ. "ನೀ ಇವತ್ತ ನ್ಯಾಯ ಹೇಳಾಕಿ, ನೋಡಬಾರದು," ಅಂದರು. ಮಾತು ನ್ಯಾಯವಾಗೇ ಇತ್ತು. ನನ್ನ ಗಂಡ ಬೆಲ್ಲ ತರ್ತೀನಿ ಅಂತ ಕಾರು ತಗೊಂಡು ಹೋದವರು ಬಹಳ ಹೊತ್ತಿನ ಮೇಲೆ ಬಂದರು.

ಹಾಲ್ ತುಂಬ ಜನ. ಡಾಕ್ಟರು ಎಲ್ಲ ತಟ್ಟೆಗೂ ಧಾರಾಳವಾಗಿ ಮಾರ್ಕ್ಸ್ ಹಾಕಿದರು. ಟೀಚರು ಜೀವಮಾನದ ಸೇಡು ತೀರಿಸಿಕೊಂಡರು. ನಾನು ಒಂದೊಂದೇ ತುಂಡು ಬಾಯಿಗಿಟ್ಟೆ. ಮೆಸ್ಸಿನ ಮೂರು ತಟ್ಟೆ ತಕ್ಷಣ ಗೊತ್ತಾದವು. ಒಂದೇ ಅಳತೆ, ಒಂದೇ ಬಣ್ಣ, ಮೂರರಲ್ಲೂ ಘಮ್ ಅನ್ನೋ ಏಲಕ್ಕಿ. ಮೂರಕ್ಕೂ ಸೊನ್ನೆ ಬಾರಿಸಿದೆ.

ಆಮೇಲೆ ಇನ್ನೊಂದು ತಟ್ಟೆ. ಬಾಯಿಗಿಟ್ಟ ಕೂಡಲೇ ಜಾಜಿಕಾಯಿ, ನಮ್ಮತ್ತೆ ಏಲಕ್ಕಿ ಬದಲು ಹಾಕೋದು ಅದನ್ನೇ. ಇಷ್ಟು ವರ್ಷ ಉಂಡ ಕೈರುಚಿ ನನಗೆ ಗೊತ್ತಾಗದೇ ಇರುತ್ತಾ? ಅತ್ತೆಯದೇ. ಜನ ಏನಾದರೂ ಅಂದುಕೊಳ್ಳಲಿ, ಚೆನ್ನಾಗಿದ್ದದ್ದು ಚೆನ್ನಾಗಿದೆ ಅಂತ ಹತ್ತಕ್ಕೆ ಹತ್ತು ಹಾಕಿದೆ. ಎಂಥ ಖುಷಿ ಅಂತೀರಿ, ಒಂದೇ ಏಟಿಗೆ ನ್ಯಾಯವೂ ಉಳೀತು, ಸಂಸಾರವೂ ಉಳೀತು.

ಅದೇ ತಟ್ಟೆಗೆ ಮೊದಲ ಬಹುಮಾನ ಬಂತು. ನಂಬರ್ ಕೂಗಿದರು. ಎದ್ದು ಬಂದವರು ಕೆಳಗಿನ ಮನೆ ಸಾಹೇಬರ ಹೆಂಡತಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಅಧ್ಯಕ್ಷರು. ಆಕೆ ಮೈಕಿನಲ್ಲಿ "ಕಲಿಸಿದ್ದು ಮೇಲಿನ ಮನೆ ಅಮ್ಮ" ಅಂದಾಗ ನಾನು ಮಾರ್ಕ್ಸ್ ಹಾಳೆ ಮತ್ತೆ ತಿರುವಿ ನೋಡಿದೆ. ಹಾಗಾದರೆ ಅತ್ತೆಯ ತಟ್ಟೆ ಯಾವುದು?

ಕಾರಿನಲ್ಲಿ ಮನೆಗೆ ಹೊರಟೆವು. ನನ್ನ ಗಂಡ ರಸ್ತೆಯನ್ನ ಅಷ್ಟು ಶ್ರದ್ಧೆಯಿಂದ ನೋಡಿದ್ದು ನಾನು ಕಂಡಿರಲಿಲ್ಲ. ಕೊನೆಗೆ ನಾನೇ ಧೈರ್ಯ ಮಾಡಿದೆ.

"ಅತ್ತಿ, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ತಟ್ಟಿ ಯಾವುದಂತ ನನಗ ಗೊತ್ತಾಗಲಿಲ್ಲ."

ಅತ್ತೆ ಕಿಟಕಿಯಿಂದ ಮುಖ ತಿರುಗಿಸದೇ ಹೇಳಿದರು:

"ನಿಂದೇನು ತಪ್ಪಿಲ್ಲ ಬಿಡವಾ. ಆ ಭಟ್ಟಗ ಫೋನ್ ಮಾಡಿ ಬಡಕೊಂಡೆ, ಯಾಲಕ್ಕಿ ಕಡಿಮಿ ಹಾಕಪಾ, ಜಾಜಿಕಾಯಿ ಹಾಕು ಅಂತ. ನನ್ನ ಮಾತು ಎಲ್ಲಿ ಕೇಳ್ತಾನ?"