ಮಾವನ ಸಾಬೂನು, ನನ್ನ ಮಾರಿ

ದೇವರು ನನಗೆ ಗಂಟಲು ಮಾಸ್ತರನದು ಕೊಟ್ಟ, ತೊಗಲು ಮಾತ್ರ ಹಸುಗೂಸಿನದು. ಹೇಳಿಕೊಳ್ಳಲು ಈಗಲೂ ನಾಚಿಕೆ. ಬಿಸಿಲಲ್ಲೇ ಹುಟ್ಟಿ ಬೆಳೆದ ನಮ್ಮ ಕಡೆಯ ಗಂಡಸಿಗೆ ತನಗೊಂದು ಚರ್ಮವಿದೆ ಎಂಬ ನೆನಪೇ ಇರಬಾರದು. ನಮ್ಮಪ್ಪ ಬಟ್ಟೆ ಒಗೆಯುವ ಸಾಬೂನಿನಲ್ಲೇ ತಲೆ, ಮೈ, ಎತ್ತು ಮೂರನ್ನೂ ತೊಳೆದು ಸುಖವಾಗಿದ್ದ. ನನಗೋ ಕಡಲೆಹಿಟ್ಟು ಬಿಟ್ಟು ಬೇರೇನು ತಗುಲಿದರೂ ದದ್ದು. ತಿಕೋಟಾ ಸಾಲೆಯ ಹುಡುಗರಿಂದ ಇದನ್ನು ಮುಚ್ಚಿಟ್ಟಿದ್ದೆ, ಬೀಗರಿಂದಲೂ ಮುಚ್ಚಿಟ್ಟಿದ್ದೆ. ಹೆಣ್ಣು ನೋಡಲು ಹೋದಾಗ ಅವರು ಸಂಬಳ ಕೇಳಿದರು, ಹೊಲ ಕೇಳಿದರು. ತೊಗಲಿನ ವಿಚಾರ ಯಾರೂ ಎತ್ತಲಿಲ್ಲ.

ಬೀಗರದು ಬಬಲೇಶ್ವರ. ಮಾವನವರು ಹಿತ್ತಲಲ್ಲಿ ಸಾಬೂನು ಮಾಡಿ ಸಂತೆಗಳಲ್ಲಿ ಮಾರುತ್ತಿದ್ದರು. ಸಾವಿರದೊಂಬೈನೂರ ಅರವತ್ತರ ಆಸುಪಾಸಿನ ಮಾತು ಇದು. ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಕೂಡಿಸಿ, ತಿರುವಿ, ಕಟ್ಟಿಗೆಯ ಅಚ್ಚಿಗೆ ಸುರಿದು ಒಂದು ತಿಂಗಳು ಬಿಡಬೇಕು. ಸೋಡಾದ ಸಿಟ್ಟು ಇಳಿಯಲು ಅಷ್ಟು ದಿನ ಬೇಕಂತೆ. ಆದರೆ ಆ ಸಲ ನನ್ನ ಮೊದಲ ದೀಪಾವಳಿ. ಹೊಸ ಅಳಿಯನನ್ನು ಕರೆದು ಎಣ್ಣೆ ಹಚ್ಚಿ ನೀರು ಹಾಕುವ ಪದ್ಧತಿ. ಅದೇ ದಿನ ವಿಜಾಪುರದ ಗಾಂಧಿ ಚೌಕದ ಸಾವುಕಾರರೊಬ್ಬರು ಮಾಲು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮಾವನವರಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆ ತಿರುಗುವುದು ತಪ್ಪುತ್ತಿತ್ತು. ಹೀಗಾಗಿ ಅವರು ಗುಲಾಬಿ ಬಣ್ಣವನ್ನೂ ಕೇದಗೆ ಅತ್ತರನ್ನೂ ಕೈ ಸಡಿಲ ಬಿಟ್ಟು ಸುರಿದು, ಎಂಟೇ ದಿನಕ್ಕೆ ಸಾಬೂನನ್ನು ಅಚ್ಚಿನಿಂದ ಎಬ್ಬಿಸಿದ್ದರು.

ನಸುಕಿನಲ್ಲಿ ಅತ್ತೆಯವರು ಎಣ್ಣೆ ಹಚ್ಚಿ ಆರತಿ ಎತ್ತಿದರು. ಬಚ್ಚಲಿನ ಹೊರಗೆ ನಿಂತ ಮಾವನವರು ನೊರೆ ಹೇಗಿದೆ, ವಾಸನೆ ಹೇಗಿದೆ ಎಂದು ಕೇಳುತ್ತಲೇ ಇದ್ದರು. ಭಾಳ ಚಲೋ ಅದ ಎನ್ನುತ್ತ ನಾನು ಅವರ ಸಮಾಧಾನಕ್ಕೆ ಇನ್ನೊಮ್ಮೆ ಮುಖಕ್ಕೆ ತಿಕ್ಕಿಕೊಂಡೆ. ಹೊಸ ಧೋತರ ಉಡುವಷ್ಟರಲ್ಲಿ ಕೆನ್ನೆ ಉರಿಯತೊಡಗಿತು. ಸಾವುಕಾರರು ಬಸ್ಸಿಳಿದು ಬರುವಷ್ಟರಲ್ಲಿ ಕಣ್ಣು ಅರ್ಧ ಮುಚ್ಚಿದ್ದವು. ಕನ್ನಡಿ ನೋಡಿದರೆ ಗುರುತು ಹತ್ತಲಿಲ್ಲ.

ಪಡಸಾಲೆಗೆ ಕರೆ ಬಂತು. ಹೋದೆ. ಸಾವುಕಾರರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕೈಯಲ್ಲಿದ್ದ ಸಾಬೂನು ನೋಡಿದರು. ಮಾವನವರ ಮುಖ ಬಿಳಿಚಿತು. ದಿನಾ ಮಕ್ಕಳಿಗೆ ಖರೆ ಹೇಳಬೇಕೆಂದು ಕಲಿಸುವ ನಾನು, ನಿನ್ನೆ ರಾತ್ರಿ ಎಣ್ಣೆಗಾಯಿ ಜಾಸ್ತಿ ತಿಂದೆ, ಬದನೆಕಾಯಿ ನನಗೆ ನಂಜು ಎಂದುಬಿಟ್ಟೆ. ಒಳಗೆ ಅತ್ತೆಯವರ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಸಾವುಕಾರರು, ಇರಬಹುದು ಎನ್ನುತ್ತ, ಸಾಬೂನಿನ ಪೆಟ್ಟಿಗೆಗೆ ಕೈ ಹಾಕಿದರು.

ಮಾವನವರು ಪೆಟ್ಟಿಗೆಯನ್ನು ತಮ್ಮತ್ತ ಎಳೆದುಕೊಂಡರು.

"ಇದನ್ನ ಒಯ್ಯಬ್ಯಾಡ್ರಿ ಸಾವುಕಾರ್ರ. ಬದನಿಕಾಯಿ ನಮ್ಮ ಅಳಿಯಂದ್ರು ಹೊಟ್ಟಿಗೆ ತಿಂದಾರ್ರಿ, ಮಾರಿಗೆ ಹಚ್ಚಿಕೊಂಡಿಲ್ಲ."

ಸೋಡಾ ಇನ್ನೂ ಹಸಿಯಾಗಿದೆ, ಅತ್ತರು ಹೆಚ್ಚಾಗಿದೆ, ಅವಸರ ಮಾಡಿದ್ದು ತಮ್ಮದೇ ತಪ್ಪು ಎಂದು ಅವರು ಒಂದೊಂದಾಗಿ ಒಪ್ಪಿಕೊಂಡರು. ಸಾವುಕಾರರು ಸಾಬೂನನ್ನು ಪೆಟ್ಟಿಗೆಗೆ ಮರಳಿ ಇಟ್ಟು, ಬಣ್ಣ, ಅತ್ತರು ಇಲ್ಲದ್ದನ್ನು ಮಾಡಿ ತಿಂಗಳು ಬಿಟ್ಟು ಕಳಿಸಿ, ಎಷ್ಟಿದ್ದರೂ ನನ್ನ ಅಂಗಡಿಗೇ ಇರಲಿ ಎಂದರು. ಮಾವನವರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲಿ ಮೊದಲೇ ಬರುತ್ತಿತ್ತು.

ಎಲ್ಲವೂ ಸುಖಾಂತ್ಯವಾಯಿತು, ಅತ್ತೆಯವರೊಬ್ಬರನ್ನು ಬಿಟ್ಟು. ಸಾಬೂನಿನ ತಪ್ಪು ಎಂದು ಇಡೀ ಊರಿಗೆ ಗೊತ್ತಾದರೂ, ತಮ್ಮ ಕೈಯಡುಗೆಗೆ ಬಂದ ಮಾತನ್ನು ಅವರು ಮರೆಯಲಿಲ್ಲ. ಮರುವರ್ಷ ಊಟಕ್ಕೆ ಕೂತಾಗ ಎಲ್ಲರ ತಾಟಿಗೂ ಎಣ್ಣೆ ಜಿನುಗುವ ಎಣ್ಣೆಗಾಯಿ ಬಡಿಸುತ್ತ ಬಂದು, ನನ್ನೆದುರು ನಿಂತರು. ನಾನು ತಾಟು ಮುಂದೆ ಸರಿಸಿದೆ.

"ಬ್ಯಾಡ್ರಿ, ನಿಮಗ ನಂಜು," ಎಂದು ಸಪ್ಪೆ ಬೇಳೆ ಬಡಿಸಿ ಮುಂದೆ ಹೋದರು. ಮಾಸ್ತರಿಕೆಯಲ್ಲಿ ನಾನು ಯಾವ ಹುಡುಗನಿಗೂ ಇಷ್ಟು ದೀರ್ಘ ಶಿಕ್ಷೆ ಕೊಟ್ಟಿಲ್ಲ.