ಮಾವನ ಡಗ್ಗಾಕ್ಕೊಂದು ಎಡಗೈ

ಜಗತ್ತಿನಲ್ಲಿರುವ ವಾದ್ಯಗಳು ಸಾಲವು ಎಂದು ತೀರ್ಮಾನಿಸಿದ ಮನುಷ್ಯ ಬೀದರ ಜಿಲ್ಲೆಯಲ್ಲಿ ಒಬ್ಬರೇ. ದೇವರು ಅವರನ್ನು ನನಗೇ ಸೋದರಮಾವನನ್ನಾಗಿ ಕೊಟ್ಟ. ಮೇಲೆ ನನಗೊಂದು ವೆಲ್ಡಿಂಗ್ ಅಂಗಡಿಯನ್ನೂ ಕೊಟ್ಟ! ಇದಕ್ಕಿಂತ ಬೇರೆ ಶಿಕ್ಷೆ ಬೇಕೆ?

ಮೊದಲು ಹೀಗಿರಲಿಲ್ಲ. ಸಂತಪುರದ ಬಸವಣ್ಣನ ಗುಡಿಯಲ್ಲಿ ಸೋಮವಾರದ ಭಜನೆ ಎಂದರೆ ಮಾವನ ಬಾಜಾ. ಬಲಗೈ ತಬಲಾದ ಮೇಲೆ, ಎಡಗೈ ಅದರ ಜೋಡಿ ಡಗ್ಗಾದ ಮೇಲೆ, ಕಣ್ಣು ಹಾಡುತ್ತಿದ್ದ ಅತ್ತೆಯ ಮೇಲೆ. ಹೋದ ವರ್ಷ ಲಕ್ವಾ ಹೊಡೆದು ಎಡಗೈ ಮಡಿಲಲ್ಲಿ ಬಿದ್ದುಕೊಂಡಿತು. ಅತ್ತೆಯೂ ಹಾಡು ಬಿಟ್ಟರು. ಯಾರು ಕರೆದರೂ ಒಂದೇ ಮಾತು: "ಅವರು ಬಾರಿಸಿದ್ರ ಹಾಡ್ತೇನಿ. ಇಲ್ಲಂದ್ರ ಇಲ್ಲರಿ."

ಬೇರೆಯವರಾಗಿದ್ದರೆ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಿದ್ದರು. ಮಾವ ಹೊಲಿಗೆ ಯಂತ್ರದ ಗಾಲಿ, ಪೆಡಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಬೀದರಿನ ನನ್ನ ಅಂಗಡಿಗೆ ಬಂದರು. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದಿದ್ದ!

"ಅಳಿಯಾ, ಕೈ ಹೋದ್ರ ಹೋಗ್ಲಿ, ಕಾಲ್ ಗಟ್ಟಿ ಅವ. ಕಾಲಿಲೆ ಡಗ್ಗಾ ಬಾರಿಸೋ ಹೊಸಾ ವಾದ್ಯ ಮಾಡ್ಕೊಡು."

ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವನು. ಆದರೆ ಬೀದರಿನಲ್ಲಿ ನನ್ನ ಗೇಟಿಲ್ಲದ ಗಲ್ಲಿ ಇಲ್ಲ. ಒಂದಾದರೂ ಕಿರ್ ಎಂದಿದ್ದರೆ ಹೇಳಿ! ಇಂಥವನಿಗೆ ಡಗ್ಗಾ ಯಾವ ಲೆಕ್ಕ? ಪೆಡಲು ತುಳಿದರೆ ಗಾಲಿ ತಿರುಗಿ, ಬಟ್ಟೆ ಸುತ್ತಿದ ಸುತ್ತಿಗೆ ಡಗ್ಗಾಕ್ಕೆ ಬಡಿಯುವಂತೆ ಮಾಡಿಕೊಟ್ಟೆ.

ಸೋಮವಾರ ಗುಡಿಯಲ್ಲಿ ಹಾಡು ಮೆಲ್ಲಗೆ ಶುರುವಾಯಿತು. ಮೊದಲು ತಾಳ ಕೂಡಲಿ ಎಂದು ಅತ್ತೆ ಮಾತ್ರ ಕಾದು ಕೂತರು. ಗಾಲಿಗೆ ಹುರುಪು ಬಂತು. ಭಜನೆಯವರು ಬಸ್ಸಿನ ಹಿಂದೆ ಓಡುವವರಂತೆ ಏದುಸಿರು ಬಿಡತೊಡಗಿದರು. ತಾಳ ಹಿಡಿದವರು ಕೂಗಿದರು: "ಸಾವಕಾಶ ಬಾರಸ್ರಿ ಕಾಕಾ, ಜೀವ ಹೋಗ್ಲತದ!"

"ನಾ ಕಾಲ್ ತೆಗ್ದು ಭಾಳ ಹೊತ್ತಾತಪ್ಪ," ಎಂದರು ಮಾವ. "ಅದೇ ಹೊಂಟದ!"

ಎರಡನೆಯ ವಾದ್ಯಕ್ಕೆ ಹಳೆಯ ಸ್ಕೂಟರಿನ ಕಿಕ್ ಬಂತು. ಮಾವ ಬುದ್ಧಿ ಹೇಳಿದ್ದರು: "ಸುತ್ತಿಗಿಗಿ ತೆಳ್ಳನ ಸಳಿ ಹಾಕು. ಬಡದು ಪುಟದು ಬರ್ಬೇಕು, ಬೆರಳಿನಂಗ."

ಬಾಗುವ ತೆಳ್ಳನ ಕಂಬಿ! ನನ್ನ ಅಂಗಡಿಯಲ್ಲಿ! ನನ್ನ ಮಾನ ಏನಾಗಬೇಕು? ಮಾವ ಚಹಾ ಕುಡಿಯಲು ಹೋದಾಗ ಗೇಟಿಗೆ ಹಾಕುವ ದಪ್ಪ ಪಟ್ಟಿಯನ್ನೇ ಹಾಕಿ, ಕಳ್ಳ ಒದ್ದರೂ ಅಲುಗದಂತೆ ವೆಲ್ಡ್ ಹೊಡೆದೆ.

ಗುಡಿಯಲ್ಲಿ ಮಾವ ಒಮ್ಮೆ ಒದ್ದರು. ಸುತ್ತಿಗೆ ಇಳಿಯಿತು. ಏಳಲಿಲ್ಲ. ಚರ್ಮ ಹರಿದುಕೊಂಡು ನೇರ ಡಗ್ಗಾದ ತಳ ಮುಟ್ಟಿತ್ತು!

ಹೊಸ ಚರ್ಮ ಹಾಕಿಸಲು ಭಾಲ್ಕಿಗೆ ಒಯ್ದೆ. ತಬಲಾ ರಿಪೇರಿಯ ಚಾಚಾ ತೂತಿನೊಳಗೆ ಇಣುಕಿ ಕೇಳಿದರು: "ಕ್ಯಾ ಭಾಯಿ, ನೀರ್ ಎಷ್ಟ್ ಫೂಟಿಗಿ ಬಿತ್ತು?"

ಮುಂದಿನ ಸೋಮವಾರ ಡಗ್ಗಾ ಹೊತ್ತು ಸಂತಪುರಕ್ಕೆ ಹೋದೆ. ಸೋಲೊಪ್ಪುವ ಜಾತಿ ನಮ್ಮದಲ್ಲ. ಮೂರನೆಯ ವಾದ್ಯದ ಅಳತೆಗೆಂದು ಜೇಬಿನಲ್ಲಿ ಟೇಪು ಇಟ್ಟುಕೊಂಡಿದ್ದೆ. ಮಾವ ಅದನ್ನು ತೆಗೆಯಲೂ ಬಿಡಲಿಲ್ಲ. ಗುಡಿಯಲ್ಲಿ ತಮ್ಮ ಎಡಕ್ಕೆ ಕೂರಿಸಿಕೊಂಡು, ಕಿಡಿ ಸಿಡಿದು ಕಲೆಗಟ್ಟಿದ ನನ್ನ ಎಡಗೈಯನ್ನು ಎತ್ತಿ ಡಗ್ಗಾದ ಮೇಲಿಟ್ಟರು.

"ನನಗ ತಾಳ ಬರಂಗಿಲ್ಲರಿ ಮಾಮಾ!"

"ನಿನಗ್ಯಾಕ ಬರ್ಬೇಕು? ನನ್ನ ಮೊಣಕಾಲು ನಿನ್ನ ಮೊಣಕಾಲಿಗಿ ತಾಕ್ದಾಗ ಬಡಿ. ಹೆಚ್ಚಿಂದ ತಲಿ ಓಡಿಸಬ್ಯಾಡ."

ಅವರ ಬಲಗೈ ತಬಲಾದ ಮೇಲೆ ಆಡತೊಡಗಿತು. ಮೊಣಕಾಲು ತಾಕಿತು, ನಾನು ಬಡಿದೆ. ಕದ ತಟ್ಟಿದಂತೆ ಸದ್ದಾಯಿತು. ಮಾವ ತಲೆ ಚಚ್ಚಿಕೊಳ್ಳಲಿಲ್ಲ, ಏಕೆಂದರೆ ಇದ್ದ ಒಂದು ಕೈಗೂ ಬಿಡುವಿರಲಿಲ್ಲ.

"ಇಲ್ಲಿ ತನಕ ಮಾಡಿದ್ರಾಗ ಭಾಳ ಕೆಟ್ಟ ವಾದ್ಯ ಇದೇ ನೋಡು," ಎಂದು ಅತ್ತೆಗೆ ಹೇಳಿದರು.

ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕರು. ಅದೇ ಸೆರಗಿನಿಂದ ಕಣ್ಣೊರೆಸಿಕೊಂಡು, ಕೆಮ್ಮಿ, ಹಾಡು ಎತ್ತಿಕೊಂಡರು. ಪ್ರತಿ ಸಾಲಿನ ಕೊನೆಗೂ ನನ್ನ ಪೆಟ್ಟು ತಡವಾಗಿಯೇ ಬೀಳುತ್ತಿತ್ತು. ಅಷ್ಟು ಹೊತ್ತು ಅತ್ತೆ ಉಸಿರು ಹಿಡಿದು ಕಾಯುತ್ತಿದ್ದರು. ಅದು ಬಿದ್ದ ಮೇಲೆಯೇ ಮುಂದಿನ ಸಾಲಿಗೆ ಹೋಗುತ್ತಿದ್ದರು.