ಹೋಲಿಕೆ ಬಾವಿ

ಉಳಿಕೆ ಇಂಧನ ಶೋಧನಾ ವಿಭಾಗವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಯಾವ ಪೆಟ್ರೋಲ್ ಬಂಕಿನ ನೆಲದಲ್ಲೂ ಉಳಿಕೆ ಇಂಧನವನ್ನು ಕಂಡಿಲ್ಲ. ಈ ದಾಖಲೆಯನ್ನು ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದವನು ವಿಭಾಗದ ಗುಮಾಸ್ತನಾದ ನಾನು. ಲಾಂಡ್ರಿ ಅಕ್ಕನ ಬಾವಿಯ ಪ್ರಕರಣದಲ್ಲಿ ಆ ದಾಖಲೆ ಹೇಗೆ ಉಳಿಯಿತೆಂಬುದನ್ನು ಇಲ್ಲಿ ನಿವೇದಿಸುತ್ತೇನೆ.

ಮುಚ್ಚಿಹೋದ ಬಂಕಿನ ಹಿಂಗೋಡೆಗೆ ತಾಗಿಕೊಂಡೇ ಅಕ್ಕನ ಲಾಂಡ್ರಿ. ಬಂಕಿನ ನೆಲದಡಿಯ ಟ್ಯಾಂಕನ್ನು ಯಾರೂ ತೆಗೆಸಿರಲಿಲ್ಲ. ಅದು ಸೋರಿ ತನ್ನ ಬಾವಿಗೆ ಪೆಟ್ರೋಲ್ ಇಳಿದಿದೆ, ಒಗೆದ ಬಟ್ಟೆಗೆ ಇಸ್ತ್ರಿ ಮುಟ್ಟಿಸಲು ಭಯವಾಗುತ್ತದೆ, ಗಿರಾಕಿಗಳು ಕೈಬಿಡುತ್ತಿದ್ದಾರೆ, ಬಾವಿ ಹೋದರೆ ಮನೆಮಂದಿಯೆಲ್ಲ ಬೀದಿಗೆ ಬೀಳುತ್ತೇವೆ ಎಂದು ಆಕೆ ಅರ್ಜಿ ಕೊಟ್ಟಳು. ಅರ್ಜಿಗೂ ಪೆಟ್ರೋಲಿನ ವಾಸನೆಯಿತ್ತು. ವಾಸನೆಯನ್ನು ಲಗತ್ತಾಗಿ ಸ್ವೀಕರಿಸಲು ಅವಕಾಶವಿಲ್ಲದ ಕಾರಣ ಅದನ್ನು ಎರಡು ದಿನ ಕಿಟಕಿಯಲ್ಲಿ ಆರಹಾಕಿ, ಆಮೇಲೆ ನೋಂದಾಯಿಸಿದೆ.

ನಮ್ಮ ಏಳನೇ ನಿಯಮದ ಪ್ರಕಾರ, ಕೆಟ್ಟ ನೀರು ಯಾವುದೆಂದು ಹೇಳುವ ಮೊದಲು ಒಳ್ಳೆಯ ನೀರು ಯಾವುದೆಂದು ತಿಳಿದಿರಬೇಕು. ಅದಕ್ಕೊಂದು ಹೋಲಿಕೆ ಬಾವಿ ಬೇಕು. ಅದು ಸ್ಥಳಕ್ಕೆ ಹತ್ತಿರವಿರಬೇಕು, ಬಳಕೆಯಲ್ಲಿರಬೇಕು, ಮಾಲೀಕರು ಬರೆದು ಒಪ್ಪಿರಬೇಕು. ಸಹಿ ಎಂದೊಡನೆ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡರು. ‘ದಯವಿಟ್ಟು ನನ್ನ ಬಾವಿಯ ನೀರು ತೆಗೆದುಕೊಂಡು ಹೋಗಿ ಪರೀಕ್ಷಿಸಿ’ ಎಂದು ಬರೆದುಕೊಟ್ಟವಳು ಅಕ್ಕ ಒಬ್ಬಳೇ. ನಮ್ಮ ವಿಭಾಗದ ಎಂಜಿನಿಯರು ಅವಳ ಬಾವಿಯಿಂದಲೇ ಬಾಟಲಿ ತುಂಬಿಸಿ ‘ಒಳ್ಳೆಯ ನೀರು’ ಎಂದು ಚೀಟಿ ಅಂಟಿಸಿದರು.

“ಅಯ್ಯೋ ಸಾರ್, ಕೆಟ್ಟಿರೋದೇ ಈ ನೀರು!”

“ಈಗಲೇ ಹೇಗಮ್ಮ ಹೇಳೋದು? ಹೋಲಿಸಿ ನೋಡಬೇಡ್ವಾ?”

“ಯಾವುದರ ಜೊತೆ ಹೋಲಿಸ್ತೀರಿ?”

“ಇದರ ಜೊತೆನೇ.”

ಹೊಸ್ತಿಲಲ್ಲಿ ಕೂತಿದ್ದ ಅಕ್ಕನ ಅತ್ತೆ, “ಏನಪ್ಪಾ, ನಿಂಗೆ ಮೂಗು ಇರೋದು ಬರೀ ಕನ್ನಡಕ ಇಟ್ಕೊಳ್ಳೋಕಾ?” ಎಂದು ಕೇಳಿದರು. ಎಂಜಿನಿಯರು ಕನ್ನಡಕ ಸರಿಮಾಡಿಕೊಂಡು, ಇದನ್ನು ‘ಸಾರ್ವಜನಿಕರ ಸಹಕಾರ’ ಎಂಬ ಕಲಮಿನಲ್ಲಿ ಬರೆಯುವಂತೆ ನನಗೆ ಸೂಚಿಸಿದರು.

ಬಂಕಿನ ಅಂಗಳದಲ್ಲಿ ಆರು ಕಡೆ ಕೊರೆಸಿದೆವು. ಮೂರನೇ ಗುಂಡಿಯ ಮಣ್ಣು ಮೇಲೆ ಬಂದಾಗ ಕೊರೆಯುವವನು ಬಾಯಿಗಿಟ್ಟಿದ್ದ ಸಿಗರೇಟನ್ನು ಹಚ್ಚದೆ ಜೇಬಿಗೆ ಹಾಕಿಕೊಂಡ. ಆರು ಗುಂಡಿಗಳ ನೀರಿಗೂ ನಮ್ಮ ಒಳ್ಳೆಯ ನೀರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಂಕಿನ ನೆಲ ಪರಿಶುದ್ಧವೆಂದು ಅಂದೇ ಘೋಷಿಸಿದೆವು.

ತೊಂದರೆ ಬಂದದ್ದು ಊರಿನ ಮಿಕ್ಕ ಬಾವಿಗಳಿಂದ. ಸಹಿ ಬೇಡದ ಇನ್ನೊಂದು ನಿಯಮದಂತೆ ಅಕ್ಕಪಕ್ಕದ ನಲವತ್ತು ಬಾವಿಗಳನ್ನು ಪರೀಕ್ಷಿಸಿದಾಗ ಒಂದಾದರೂ ಒಳ್ಳೆಯ ನೀರಿನ ಮಟ್ಟಕ್ಕೆ ಬರಲಿಲ್ಲ. ವಾಸನೆಯಿಲ್ಲ, ಮೇಲೆ ಕಾಮನಬಿಲ್ಲಿನ ಬಣ್ಣವಿಲ್ಲ. ಅವುಗಳಲ್ಲಿ ನನ್ನ ಮನೆಯ ಬಾವಿಯೂ ಒಂದು. ಹೆಂಡತಿಗೆ ಹೇಳಲು ನಾಚಿಕೆಯಾಯಿತು. ಮರುದಿನವೇ ಪ್ರಕಟಣೆ ಹೊರಟಿತು:

‘ಲಾಂಡ್ರಿ ಬಾವಿಯ ಹೊರತು ಎಲ್ಲ ಬಾವಿಗಳಿಗೂ ಬೀಗ ಹಾಕಲಾಗಿದೆ. ಸಾರ್ವಜನಿಕರು ಅಲ್ಲಿಂದಲೇ ನೀರು ಒಯ್ಯತಕ್ಕದ್ದು. ಒಯ್ದ ನೀರನ್ನು ಒಲೆಯಿಂದ ಹತ್ತು ಅಡಿ ದೂರ ಇಡತಕ್ಕದ್ದು.’

ಮೊದಲೆರಡು ದಿನ ಜನ ಮೂಗು ಮುರಿದರು. ಐದನೇ ದಿನ ಸರದಿ ತಪ್ಪಿಸಿದರೆಂದು ಬಿಂದಿಗೆ ಬಿಂದಿಗೆ ತಾಗಿಸಿ ಜಗಳವಾಡಿದರು. ಎಂಜಿನಿಯರಿಗೆ ಬಹಳ ತೃಪ್ತಿಯಾಯಿತು.

ಒಂದು ತಿಂಗಳ ಮೇಲೆ ಅಕ್ಕ ಕಚೇರಿಗೆ ಬಂದಳು. “ನಂಗೆ ಈ ಮರ್ಯಾದೆ ಬೇಡ ಸಾರ್. ಟ್ಯಾಂಕ್ ತೆಗೆಸಿ, ಬಾವಿ ತೊಳೆಸಿಕೊಡಿ. ಒಬ್ಬ ಗಿರಾಕಿನೂ ಉಳಿದಿಲ್ಲ.” ಅವಳ ಬೆರಳುಗಳ ಚರ್ಮ ಸುಲಿದಿತ್ತು.

“ಹೋಲಿಕೆ ಬಾವಿ ತೊಳೆಯೋದು ಅಪರಾಧ ಅಮ್ಮ. ಅಳತೆಕೋಲನ್ನೇ ಕತ್ತರಿಸಿದ ಹಾಗಾಗುತ್ತೆ,” ಎಂದೆ. ಅವಳ ಬೆರಳುಗಳ ಬಗ್ಗೆ ಬರೆಯಲು ಕಲಮಿರಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹೊಡೆಯಿತು. ಬಾವಿ ಬಾಯಿಮಟ್ಟ ತುಂಬಿ, ವಾಸನೆ ತಾನಾಗಿ ಇಳಿಯಿತು. ಹಳೆಯ ಗಿರಾಕಿಯೊಬ್ಬರು ಬಿಳಿ ಅಂಗಿಯೊಂದನ್ನು ತಂದುಕೊಟ್ಟರು. ಅಕ್ಕ ಅದನ್ನು ಒಗೆದು, ಹಗ್ಗಕ್ಕೆ ಹಾಕಿ, ಹತ್ತು ಸಲ ಮೂಸಿ ನೋಡಿದಳಂತೆ. ಅದೇ ವಾರ ನಲವತ್ತು ಮನೆಗಳಿಂದಲೂ ದೂರು ಬಂತು. ನೀರು ಸಪ್ಪೆಯಾಗಿದೆ, ಅಕ್ಕ ಬಟ್ಟೆ ಒಗೆದು ಒಳ್ಳೆಯ ನೀರನ್ನು ಕೆಡಿಸಿದ್ದಾಳೆ.

ವಿಭಾಗ ತಡಮಾಡಲಿಲ್ಲ. ಬಂಕಿನ ಹಳೆಯ ಟ್ಯಾಂಕಿನ ಮುಚ್ಚಳ ತೆಗೆಸಿ ಹತ್ತು ಡಬ್ಬ ಪೆಟ್ರೋಲ್ ಸುರಿಸಿದೆವು. ಸೋರಲು ಮೂರು ದಿನ ಹಿಡಿಯುತ್ತದೆ, ಸಹಕರಿಸಿ ಎಂದು ಎಂಜಿನಿಯರು ಕೈಮುಗಿದರು. ಜನ ಸಹಕರಿಸಿದರು.

ನಾಲ್ಕನೇ ದಿನ ಬೆಳಿಗ್ಗೆ ನೀರು ಸೇದಿಸಿ, ಗುಣಮಟ್ಟ ಮೊದಲಿನಂತಾಯಿತೇ ಎಂದು ಅಕ್ಕನನ್ನೇ ಕೇಳಿದೆವು. ಆ ವಾಸನೆಯ ಅನುಭವ ಅವಳಷ್ಟು ಬೇರೆ ಯಾರಿಗಿತ್ತು? ಬಾಗಿಲಲ್ಲಿ ನಲವತ್ತು ಬಿಂದಿಗೆಗಳು ಕಾಯುತ್ತಿದ್ದವು. ಯಾರೂ ಅವಳ ಜೊತೆ ಮಾತಾಡುತ್ತಿರಲಿಲ್ಲ. ಅವಳ ಅತ್ತೆಯೂ ಬಿಂದಿಗೆ ಹಿಡಿದು ಸರದಿಯಲ್ಲಿ ನಿಂತಿದ್ದರು.

ಅಕ್ಕ ಕೊಡಕ್ಕೆ ಬಗ್ಗಿ ಮೂಸಿದಳು. ತಲೆಯೆತ್ತಿ ಸರದಿಯತ್ತ ನೋಡಿದಳು.

“ಇನ್ನೊಂದು ಡಬ್ಬ ಬೇಕಾಗುತ್ತೆ ಸಾರ್,” ಎಂದಳು.